ಅಂಗಳದ ಸ್ಕೇಟಿಂಗ್ ರಿಂಕ್: ಭಾನುವಾರ ಕೆಲಸಕ್ಕೆ ಬನ್ನಿ

ಎಲ್ಲರಿಗೂ ನಮಸ್ಕಾರ. ಮಕ್ಕಳ ರಜೆಗೆ ನಮ್ಮ ಹಿತ್ತಿಲ ಅಡಿಕೆ ಅಂಗಳವನ್ನೇ ಸ್ಕೇಟಿಂಗ್ ರಿಂಕ್ ಮಾಡೋಣ ಅಂತ ಮಾತಾಗಿತ್ತಲ್ಲ, ಈ ಭಾನುವಾರ ಬೆಳಿಗ್ಗೆ 7ಕ್ಕೆ ಶುರು. ಅಡಿಕೆ ಒಣಗಿ ಚೀಲ ಸೇರಿದೆ, ಅಂಗಳ ಖಾಲಿ.

ಕೆನಡಾದಲ್ಲಿ ಹಿತ್ತಿಲಿಗೆ ಹಲಗೆ ಕಟ್ಟಿ, ಪ್ಲಾಸ್ಟಿಕ್ ಹಾಸಿ, ನೀರು ತುಂಬಿ ಚಳಿಗೇ ಹೆಪ್ಪುಗಟ್ಟಿಸುವ ವಿಡಿಯೋ ನೋಡಿ ಮಕ್ಕಳು ಅದೇ ಬೇಕು ಅಂದಿದ್ದರು. ಶಿರಸಿಯಲ್ಲಿ ಹಾಗೆ ನೀರು ನಿಲ್ಲಿಸಿದರೆ ಸಿಗುವುದು ಸೊಳ್ಳೆ ಮಾತ್ರ! ನಮಗೆ ಗಾಲಿ ಸ್ಕೇಟೇ ಸರಿ.

ಮೊದಲು ಗುಡಿಸಬೇಕು. ಸುಮ್ನೆ ಒಂದು ಸಲ ಅಲ್ಲ, ಎರಡು ಸಲ. ನಿನ್ನೆ ಉಗುರಿನಷ್ಟು ಅಡಿಕೆ ಚೂರು ಗಾಲಿಗೆ ಸಿಕ್ಕಿ ನನ್ನ ಮಗಳು ಮುಗ್ಗರಿಸಿದಳು, ಮೊಣಕಾಲು ತರಚಿದೆ. ಆಮೇಲೆ ಬಿರುಕಿಗೆಲ್ಲ ಸಿಮೆಂಟ್, 1 ಪಾಲಿಗೆ 3 ಪಾಲು ಮರಳು. ಮೇಲೆ ಒದ್ದೆ ಗೋಣಿ ಹಾಸಿ 7 ದಿನ ನೀರು ಹಾಕಬೇಕು. ಅಲ್ಲಿವರೆಗೆ ಯಾರೂ ಇಳಿಯುವ ಹಾಗಿಲ್ಲ.

ನೀರು ಹರಿಯಲಿ ಅಂತ ಅಂಗಳ ಚರಂಡಿ ಕಡೆ ತುಸು ಇಳಿಜಾರಿದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಗಾಲಿಗೆ ಗೊತ್ತಾಗುತ್ತದೆ. ಆ ಬದಿಗೆ ಹಳೇ ಟೈರ್ ಸಾಲಾಗಿ ಇಡೋಣ.

ಆ 7 ದಿನ ಮುಗಿದ ಮೇಲೆ ಬರುವ ಸೋಮವಾರದಿಂದ ಆಟ, ಸಂಜೆ 4.30ರಿಂದ 6. ಹೆಲ್ಮೆಟ್, ಮೊಣಕಾಲು ಪ್ಯಾಡ್ ಇಲ್ಲದಿದ್ದರೆ ಆಟ ಇಲ್ಲ. ಮಳೆ ಹನಿ ಬಿದ್ದ ದಿನವೂ ಇಲ್ಲ.

ಕರಣೆ, ಟೈರ್ ಯಾರ ಮನೆಯಲ್ಲಿದೆ? ಶುಕ್ರವಾರದೊಳಗೆ ಇಲ್ಲೇ ಹೇಳಿ, ಬರುವ ಮಕ್ಕಳ ಹೆಸರೂ ಹಾಕಿ. ಭಾನುವಾರ ತಿಂಡಿ ನಮ್ಮನೆಯಲ್ಲೇ, ತೆಳ್ಳೇವು ಮತ್ತು ಜೋನಿ ಬೆಲ್ಲ.