ಪೆಕ್ಕಮ್‌ನ ಆ ತಾಯಿಗೆ

ಕಳೆದ ಜನವರಿಯಲ್ಲಿ ಲಂಡನ್ನಿನ ಪೆಕ್ಕಮ್‌ನಲ್ಲಿ, ರೈ ಲೇನ್‌ನ ಮಂಜುಗಟ್ಟಿದ ಕಾಲುದಾರಿಯ ಮೇಲೆ ಜಾರಿಬಿದ್ದೆ. ಯಾಮ್ ಗೆಡ್ಡೆ, ಬಾಳೆಕಾಯಿ ಜೋಡಿಸುತ್ತಿದ್ದ ನೈಜೀರಿಯಾದ ಹೆಂಗಸೊಬ್ಬರು ಅಂಗಡಿ ಬಿಟ್ಟು ಓಡಿಬಂದರು. "ಪೆಲೆ, ಪೆಲೆ" ಎನ್ನುತ್ತ ಮೊಣಕೈ ಹಿಡಿದೆತ್ತಿದರು. ನೊಂದವರಿಗೆ ಯೊರುಬಾ ಭಾಷೆಯಲ್ಲಿ ಹೇಳುವ ಸಾಂತ್ವನದ ಮಾತದು. ನಮ್ಮ "ಅಯ್ಯೋ ಪಾಪ"ಕ್ಕಿಂತ ಮೆದು. ತರಕಾರಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂರಿಸಿ, ತಮ್ಮ ಫ್ಲಾಸ್ಕಿನ ಶುಂಠಿ ಚಹಾ ಕೊಟ್ಟರು. ಲಾಗೋಸ್ ಬಿಟ್ಟು 20 ವರ್ಷವಾಯಿತಂತೆ. "ಮೊದಲ ಚಳಿಗಾಲದಲ್ಲಿ ನಾನೂ ಹೀಗೇ ಬಿದ್ದಿದ್ದೆ, ಯಾರೂ ಎತ್ತಲಿಲ್ಲ" ಎಂದರು. ಆ ಮಾತು ಇನ್ನೂ ಎದೆಯಲ್ಲಿ ಕೂತಿದೆ. ನೋವಿನಲ್ಲಿ ಹೆಸರು ಕೇಳಲೂ ಮರೆತೆ. ಅಂದು ರಾತ್ರಿ ಹುಬ್ಬಳ್ಳಿಯ ಅವ್ವನಿಗೆ ಫೋನಿನಲ್ಲಿ ಅವರ ಬಗ್ಗೆಯೇ ಹೇಳಿದೆ. ಅಮ್ಮಾ, ನಿಮ್ಮದೇ ಭಾಷೆಯಲ್ಲಿ ನನ್ನ ಧನ್ಯವಾದ: ಎ ಶೇ.