ಚಿಕ್ಕಪ್ಪನಿಗೆ, ಮತ್ತೆ ನಿಮಗೆಲ್ಲರಿಗೂ

ಎಂ101 ಅನ್ನೋ ಸುರುಳಿ ಗ್ಯಾಲಕ್ಸಿಯಲ್ಲಿ ಕಂಡ ಸೂಪರ್‌ನೋವಾದ, ಅಂದರೆ ಸಿಡಿದ ನಕ್ಷತ್ರದ, ಹೊಳಪನ್ನು ನಾನು ಅಳೆದ ಅಳತೆಗಳು ಎಎವಿಎಸ್‌ಓ (ಹೊಳಪು ಬದಲಾಗುವ ನಕ್ಷತ್ರಗಳನ್ನು ಗಮನಿಸುವವರ ಅಮೆರಿಕದ ಸಂಘ) ದಾಖಲೆ ಸೇರಿದವು. ಫೋಟೋಗಳನ್ನು ನೀವು ನೋಡಿಯಾಗಿದೆ, ಎಕ್ಸ್‌ಪೋಷರ್ ಲೆಕ್ಕವೆಲ್ಲ ಮತ್ತೆ ಬೇಡ. ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು.

2023ರ ಮೇ 19ರಂದು ಜಪಾನಿನ ಕೊಯಿಚಿ ಇಟಾಗಾಕಿ ಇದನ್ನು ಮೊದಲು ಕಂಡರು. ಅವರೂ ಹವ್ಯಾಸಿಯೇ. ಅವತ್ತು ಅಮಾವಾಸ್ಯೆ ಬೇರೆ. ಸುಮಾರು 2.1 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ನಕ್ಷತ್ರ ಸಿಡಿದಿದೆ, ಸಪ್ತರ್ಷಿ ಮಂಡಲದ ಬಾಲದ ಪಕ್ಕದಲ್ಲೇ ಕಾಣುತ್ತಿದೆ. ಬಿಡೋಕಾಗುತ್ತಾ? ಪಾವಗಡದ ಕಡೆ ಚಿಕ್ಕಪ್ಪನ ಹೊಲಕ್ಕೆ ಹೊರಟೆ.

ಆದರೆ ಮೇ ತಿಂಗಳು, ಅಲ್ವಾ. ಒಂದು ರಾತ್ರಿಯಂತೂ ಗಾಳಿ, ಗುಡುಗು, ಮಳೆ. ಕರೆಂಟೂ ಹೋಯ್ತು. ಎಲ್ಲ ಕಟ್ಟಿಟ್ಟು ಹೊರಡೋಣ ಅಂದೆ. ಚಿಕ್ಕಪ್ಪ ಮಾತಾಡದೆ ಹೋಗಿ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದರು. ‘ಹನ್ನೆರಡು ವೋಲ್ಟೇ ತಾನೆ ಬೇಕಿರೋದು?’ ಟರ್ಮಿನಲ್‌ಗೆ ಹಿಡಿದಿದ್ದ ಬಿಳಿ ಪುಡಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಕೆಂಪು ಕ್ಲಿಪ್ಪು, ಕರಿ ಕ್ಲಿಪ್ಪು ನೋಡಿ ಹಾಕಿಕೊಟ್ಟರು.

ಮಳೆ ನಿಂತರೂ ಮೋಡ ಬಿಡಲಿಲ್ಲ. ಜಗುಲಿ ಮೇಲೆ ನನಗೆ ನಿದ್ದೆ ಬಂತು. ಅವರು ಮಲಗಲಿಲ್ಲ. ಬೆಳಗ್ಗೆ ಎದ್ದು ಹಾಲು ಕರೆಯಬೇಕಾದವರು ಉತ್ತರದ ಕಡೆಗೇ ನೋಡುತ್ತಾ ಕೂತಿದ್ದರು. ಒಂದೂವರೆ ಹೊತ್ತಿಗೆ ಭುಜ ಅಲುಗಿಸಿದರು. ‘ಏಳಪ್ಪಾ, ಸಪ್ತರ್ಷಿ ಕಾಣ್ತಾ ಇದೆ.’

ಲ್ಯಾಪ್‌ಟಾಪಿನಲ್ಲಿ ಹಳೆಯ ಫೋಟೋ, ಹೊಸದು ಅಕ್ಕಪಕ್ಕ ಇಟ್ಟೆ. ಹಳೆಯದರಲ್ಲಿ ಸುರುಳಿ ತೋಳಿನ ಆ ಜಾಗದಲ್ಲಿ ಏನೂ ಇಲ್ಲ. ಹೊಸದರಲ್ಲಿ ಚೂಪಾದ ಬಿಳಿ ಚುಕ್ಕೆ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನನಗೆ ಗಂಟಲು ಕಟ್ಟಿತು. ಹೋದ ವರ್ಷ ನಮ್ಮ ಮನೆಯಲ್ಲಿ ಏನಾಯ್ತು ಅಂತ ನಿಮಗೆ ಗೊತ್ತು. ಆಕಾಶ ನೋಡೋದೇ ಬೇಡ ಅನ್ನಿಸಿತ್ತು, ಯಾವುದೂ ಬೇಡವಾಗಿತ್ತು. ಟೆಲಿಸ್ಕೋಪ್ ಮಾರುತ್ತೀನಿ ಅಂದಾಗ ‘ನಮ್ಮ ಅಟ್ಟದಲ್ಲಿರಲಿ’ ಅಂತ ಎತ್ತಿಕೊಂಡು ಹೋದವರು ಇವರೇ. ಆ ಚುಕ್ಕೆ ಕಂಡ ರಾತ್ರಿ ನಾನು ಅತ್ತುಬಿಟ್ಟೆ. ಅವರು ಸುಮ್ನೆ ಪಕ್ಕದಲ್ಲಿ ಕೂತರು. ಆಮೇಲೆ, ‘ಇನ್ನೊಂದು ತೆಗಿ, ಮೋಡ ಮತ್ತೆ ಬರುತ್ತೆ’ ಅಂದರು. ತೆಗೆದೆ.

ಪತ್ತೆಯಾಗುವ ಮೊದಲಿನ ಗಂಟೆಗಳಲ್ಲಿ ಹವ್ಯಾಸಿಗಳು ತೆಗೆದಿದ್ದ ಫೋಟೋಗಳಿಂದಲೇ ಸ್ಫೋಟದ ಶುರು ಹೇಗಿತ್ತು ಅಂತ ವಿಜ್ಞಾನಿಗಳಿಗೆ ಎಷ್ಟೋ ತಿಳಿಯಿತು. ಲಡಾಖಿನ ಹಾನ್ಲೆಯಲ್ಲಿರುವ ದೊಡ್ಡ ಹಿಮಾಲಯನ್ ಚಂದ್ರ ಟೆಲಿಸ್ಕೋಪೂ ಇದನ್ನು ನೋಡಿತು. ಅದರ ಮುಂದೆ ನನ್ನ ಅಳತೆ ಸಣ್ಣದು. ಆದರೂ ಆ ಬೆಳಕಿನ ಏರಿಳಿತದ ನಕ್ಷೆಯಲ್ಲಿ ನಮ್ಮ ಹೊಲದ ಕೆಲವು ಚುಕ್ಕೆಗಳಿವೆ. ನನಗೆ ತುಂಬಾ ಹೆಮ್ಮೆ.

ಹೋಲಿಕೆಗೆ ಯಾವ ನಕ್ಷತ್ರ ಹಿಡಿಯಬೇಕು ಅಂತ ಕಲಿಸಿದ ಗೆಳೆಯರಿಗೆ, ಫಿಲ್ಟರ್ ಕೊಟ್ಟವರಿಗೆ, ರಜೆ ಹೊಂದಿಸಿಕೊಟ್ಟ ಆಫೀಸಿನವರಿಗೆ, ಮನೆ ನೋಡಿಕೊಂಡ ಅಕ್ಕನಿಗೆ ತುಂಬಾ ಥ್ಯಾಂಕ್ಸ್.

ಚಿಕ್ಕಪ್ಪ, ಎರಡೂ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದೇನೆ. ಭಾನುವಾರ ತರುತ್ತೇನೆ.