ಅಥೆನ್ಸಿನ ಲೆಕ್ಕ, ನಮ್ಮ ಜಮಾಬಂದಿ

ಮಾನ್ಯ ಸಂಪಾದಕರೇ,

ಪ್ರಜಾಪ್ರಭುತ್ವದ ಸ್ಥಿತಿಗತಿಯ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಪ್ರಾಚೀನ ಅಥೆನ್ಸಿನ ಹೆಸರು ಬರುತ್ತದೆ. ಅಲ್ಲಿ ಜನರೇ ನೇರವಾಗಿ ಆಳುತ್ತಿದ್ದರು, ನಮ್ಮದು ಅದರ ನೆರಳು ಮಾತ್ರ ಎನ್ನುವವರು ಒಂದು ಕಡೆ; ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ಊರಿನಿಂದ ಕಲಿಯುವುದೇನಿದೆ ಎನ್ನುವವರು ಇನ್ನೊಂದು ಕಡೆ. ಬಹುಕಾಲ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದ ನನಗೆ ಎರಡೂ ಅರ್ಧ ಸತ್ಯ ಎನಿಸುತ್ತವೆ. ಅಧಿಕಾರ ಹಿಡಿದವರಿಂದ ಲೆಕ್ಕ ಕೇಳುವ ಪದ್ಧತಿಯನ್ನು ಅಥೆನ್ಸಿನ ಜನ ಎಷ್ಟು ಬಿಗಿಯಾಗಿ ಕಟ್ಟಿದ್ದರು ಎಂಬುದನ್ನು ಈ ಎರಡೂ ಕಡೆಯವರು ಗಮನಿಸುವುದಿಲ್ಲ. ಅದರ ಬಗ್ಗೆ, ಮತ್ತು ಅದನ್ನು ಕೇಳುವ ಹಕ್ಕು ಯಾರಿಗೆ ಇರಲಿಲ್ಲ ಎಂಬುದರ ಬಗ್ಗೆ, ಗ್ರಾಮ ಪಂಚಾಯಿತಿಯ ವಾರ್ಷಿಕ ಲೆಕ್ಕ ತಪಾಸಣೆಯಾದ ನಮ್ಮ ಜಮಾಬಂದಿಗೆ ಅದರಿಂದ ಸಿಗುವ ಪಾಠದ ಬಗ್ಗೆ ಈ ಪತ್ರ.

ಕ್ರಿ.ಪೂ. 508ರ ಸುಮಾರಿಗೆ ಅಥೆನ್ಸಿನ ನಾಯಕ ಕ್ಲೈಸ್ತನೀಸ್ ತಂದ ಸುಧಾರಣೆಯಲ್ಲಿ ಅಥೆನ್ಸ್ ಮತ್ತು ಅದರ ಸುತ್ತಲಿನ ಅಟ್ಟಿಕಾ ಪ್ರಾಂತ್ಯದ ನಾಗರಿಕರನ್ನು ಹಳೆಯ ಮನೆತನಗಳ ಹಿಡಿತದಿಂದ ಬಿಡಿಸಿ ಹತ್ತು ಹೊಸ ಪಂಗಡಗಳಾಗಿ ವಿಂಗಡಿಸಲಾಯಿತು. ಒಂದೊಂದು ಪಂಗಡದಿಂದ 50 ಮಂದಿಯಂತೆ 500 ಮಂದಿಯ ಮಂಡಳಿ ಏರ್ಪಟ್ಟಿತು. ಮುಂದೆ ಈ ಮಂಡಳಿಗೂ ಹೆಚ್ಚಿನ ಹುದ್ದೆಗಳಿಗೂ ಜನರನ್ನು ಆರಿಸಿದ್ದು ಮತದಿಂದಲ್ಲ, ಚೀಟಿ ಎತ್ತುವ ಕ್ರಮದಿಂದ. 30 ವರ್ಷ ದಾಟಿದ ನಾಗರಿಕನೊಬ್ಬ ಜೀವಮಾನದಲ್ಲಿ ಎರಡು ಸಲಕ್ಕಿಂತ ಹೆಚ್ಚು ಮಂಡಳಿಯಲ್ಲಿ ಕೂರುವಂತಿರಲಿಲ್ಲ. ಮಂಡಳಿಯ ಅಧ್ಯಕ್ಷಗಿರಿಯಂತೂ ಒಂದು ಹಗಲು ಒಂದು ರಾತ್ರಿಯದು. ಅಷ್ಟು ಹೊತ್ತು ದೇವಾಲಯಗಳ ಖಜಾನೆಯ ಬೀಗದ ಕೈ, ರಾಜ್ಯದ ಮುದ್ರೆ ಎರಡೂ ಅವನ ಬಳಿ ಇರುತ್ತಿದ್ದವು. ಮರುದಿನ ಇನ್ನೊಬ್ಬನಿಗೆ. ಅದೇ ಮನುಷ್ಯನಿಗೆ ಆ ಸ್ಥಾನ ಮತ್ತೆಂದೂ ಸಿಗುತ್ತಿರಲಿಲ್ಲ. ಚುನಾವಣೆಯನ್ನು ಮುಖ್ಯವಾಗಿ ಸೇನಾಪತಿಗಳಂಥ, ವಿಶೇಷ ಪರಿಣತಿ ಬೇಕಾದ ಹುದ್ದೆಗಳಿಗೆ ಉಳಿಸಿಕೊಂಡಿದ್ದರು. ಚೀಟಿಯಿಂದ ಆರಿಸುವುದು ಪ್ರಜಾಪ್ರಭುತ್ವದ ಲಕ್ಷಣ, ಮತದಿಂದ ಆರಿಸುವುದು ಕೆಲವರ ಆಳ್ವಿಕೆಯ ಲಕ್ಷಣ ಎಂದು ಅರಿಸ್ಟಾಟಲ್ ಬರೆದಿದ್ದಾನೆ. ಮತಗಟ್ಟೆಯೇ ಪ್ರಜಾಪ್ರಭುತ್ವ ಎಂದು ನಂಬಿ ಬೆಳೆದ ನಾವು ಈ ಮಾತನ್ನು ಒಮ್ಮೆಯಾದರೂ ನಿಂತು ಯೋಚಿಸಬೇಕು. ಮತ ಕೇಳಬೇಕಾದರೆ ಹಣ, ಹೆಸರು, ಮನೆತನ ಬೇಕು ಎಂಬುದು ಅಂದಿಗೂ ಗೊತ್ತಿತ್ತು.

ಅಥೆನ್ಸಿನ ಅಗೋರಾ ಎಂಬ ಹಳೆಯ ಪೇಟೆ ಮೈದಾನದ ವಸ್ತುಸಂಗ್ರಹಾಲಯದಲ್ಲಿ ಚೀಟಿ ಎತ್ತಲು ಬಳಸುತ್ತಿದ್ದ ಕಲ್ಲಿನ ಫಲಕವೊಂದರ ತುಂಡು ಇದೆ. ಫಲಕದ ತುಂಬ ಸಾಲು ಸಾಲಾಗಿ ಸಣ್ಣ ಸೀಳುಗಳು. ನ್ಯಾಯಸಭೆಯಲ್ಲಿ ಕೂರಲು ಬಂದವರ ಹೆಸರು ಕೊರೆದ ತಗಡುಗಳನ್ನು ಅವುಗಳಲ್ಲಿ ಸಿಕ್ಕಿಸುತ್ತಿದ್ದರು. ಪಕ್ಕದ ಕೊಳವೆಯಿಂದ ಕಪ್ಪು ಬಿಳಿ ಗುಂಡುಗಳನ್ನು ಒಂದೊಂದಾಗಿ ಬೀಳಿಸಿದಾಗ, ಬಿಳಿ ಬಂದ ಸಾಲಿನವರು ಆ ದಿನ ಒಳಗೆ, ಕಪ್ಪು ಬಂದ ಸಾಲಿನವರು ಮನೆಗೆ. ಯಾವ ಮೊಕದ್ದಮೆ ಯಾರ ಮುಂದೆ ಬರುತ್ತದೆ ಎಂದು ಬೆಳಗಿನವರೆಗೆ ಯಾರಿಗೂ ತಿಳಿಯದ ಕಾರಣ ಲಂಚ ಕೊಡುವವನಿಗೆ ಯಾರ ಮನೆಗೆ ಹೋಗಬೇಕೆಂದೇ ಗೊತ್ತಾಗುತ್ತಿರಲಿಲ್ಲ. ನಮ್ಮ ಕಾಲದಲ್ಲಿ ಐರ್ಲೆಂಡ್ 2016ರಲ್ಲಿ ಹೀಗೆಯೇ 99 ಸಾಮಾನ್ಯ ನಾಗರಿಕರನ್ನು ಆರಿಸಿ ಗರ್ಭಪಾತದ ಕಾನೂನಿನಂಥ ಕಠಿಣ ಪ್ರಶ್ನೆಯನ್ನು ಅವರ ಮುಂದಿಟ್ಟಿತು. ಅವರ ಶಿಫಾರಸಿನ ನಂತರ 2018ರಲ್ಲಿ ಜನಮತಗಣನೆ ನಡೆದು ಸಂವಿಧಾನ ಬದಲಾಯಿತು.

ಆದರೆ ಚೀಟಿಗಿಂತ ದೊಡ್ಡದು, ಹುದ್ದೆಯ ಕೊನೆಯಲ್ಲಿ ಕಾದಿರುತ್ತಿದ್ದ ವಿಚಾರಣೆ. ಒಂದು ವರ್ಷದ ಅವಧಿ ಮುಗಿಸಿ ಇಳಿದ ಪ್ರತಿಯೊಬ್ಬ ಅಧಿಕಾರಿಯೂ ತನ್ನ ಕೈಯಲ್ಲಿ ಓಡಾಡಿದ ಸಾರ್ವಜನಿಕ ಹಣದ ಲೆಕ್ಕವನ್ನು, ಚೀಟಿಯಿಂದಲೇ ನೇಮಕವಾದ ಹತ್ತು ಮಂದಿ ಲೆಕ್ಕಪರಿಶೋಧಕರಿಗೆ ಒಪ್ಪಿಸಬೇಕಿತ್ತು. ಆ ಲೆಕ್ಕ 501 ಮಂದಿಯ ನ್ಯಾಯಸಭೆಯ ಮುಂದೆ ಬರುತ್ತಿತ್ತು. ಅಲ್ಲಿಗೆ ಮುಗಿಯಲಿಲ್ಲ. ಆಮೇಲೆ ಮೂರು ದಿನ, ಪೇಟೆ ತುಂಬಿರುವ ಹೊತ್ತಿನಲ್ಲಿ, ಪ್ರತಿ ಪಂಗಡದ ಮೂಲಪುರುಷನ ವಿಗ್ರಹದ ಬಳಿ ವಿಚಾರಣಾಧಿಕಾರಿಯೊಬ್ಬ ಕೂತಿರುತ್ತಿದ್ದ. ಯಾವ ನಾಗರಿಕನಾದರೂ ಸುಣ್ಣ ಬಳಿದ ಹಲಗೆಯ ಮೇಲೆ ತನ್ನ ಹೆಸರು, ಆರೋಪಿತನ ಹೆಸರು, ಆದ ತಪ್ಪು, ವಿಧಿಸಬೇಕಾದ ದಂಡ ಎಲ್ಲವನ್ನೂ ಬರೆದು ಕೊಡಬಹುದಿತ್ತು. ಲೆಕ್ಕ ಚುಕ್ತಾ ಆಗುವವರೆಗೆ ಆ ಮನುಷ್ಯ ಊರು ಬಿಡುವಂತಿಲ್ಲ, ಆಸ್ತಿಯನ್ನು ದೇವರಿಗೆ ಅರ್ಪಿಸುವಂತಿಲ್ಲ, ಉಯಿಲು ಬರೆಯುವಂತಿಲ್ಲ, ಬೇರೆ ಮನೆಗೆ ದತ್ತು ಹೋಗುವಂತೆಯೂ ಇಲ್ಲ ಎಂದು ವಾಗ್ಮಿ ಈಸ್ಕಿನೀಸ್ ನ್ಯಾಯಸಭೆಯಲ್ಲಿ ವಿವರಿಸಿದ್ದಾನೆ. ತಪ್ಪಿಸಿಕೊಳ್ಳುವ ಒಂದೊಂದು ದಾರಿಯನ್ನೂ ಯೋಚಿಸಿ ಮುಚ್ಚಿದ್ದರು. ಪೂಜಾರಿಗಳೂ ಲೆಕ್ಕ ಕೊಡಬೇಕಿತ್ತು. ಅಥೆನ್ಸಿನ ವೈಭವಕ್ಕೆ ಯಾರ ಹೆಸರು ಅಂಟಿಕೊಂಡಿದೆಯೋ ಆ ಪೆರಿಕ್ಲೀಸನನ್ನೇ ಕ್ರಿ.ಪೂ. 430ರಲ್ಲಿ ಜನ ಸೇನಾಪತಿ ಸ್ಥಾನದಿಂದ ಇಳಿಸಿ ದಂಡ ಹಾಕಿದರು. ಮರುವರ್ಷ ಅವನನ್ನೇ ಮತ್ತೆ ಆರಿಸಿದರು.

ಈಗ ಇನ್ನೊಂದು ಮುಖ. ಆಕ್ರೊಪೊಲಿಸ್ ಬೆಟ್ಟದ ಮೇಲಿನ ಎರೆಕ್ಥಿಯಮ್ ದೇವಾಲಯದ ನಿರ್ಮಾಣ ಕ್ರಿ.ಪೂ. 409ರ ಹೊತ್ತಿಗೆ ಮತ್ತೆ ಶುರುವಾದಾಗ ಅದರ ಖರ್ಚನ್ನು ಕಲ್ಲಿನ ಮೇಲೆ ಕೆತ್ತಿಸಿದರು. ಯಾರು ಯಾವ ಕಂಬಕ್ಕೆ ಗೀರು ಕೊರೆದರು, ಯಾರಿಗೆ ಎಷ್ಟು ಕೂಲಿ ಎಂಬುದು ಹೆಸರಿನ ಸಮೇತ ಇಂದಿಗೂ ಓದಲು ಸಿಗುತ್ತದೆ. ಸ್ಥಾನಮಾನ ಗುರುತಿಸಲು ಸಾಧ್ಯವಾದ 86 ಕೆಲಸಗಾರರಲ್ಲಿ ನಾಗರಿಕರು 24, ಹೊರಗಿನಿಂದ ಬಂದು ನೆಲೆಸಿದವರು 42, ಗುಲಾಮರು 20. ದಿನಗೂಲಿ ಮೂವರಿಗೂ ಒಂದೇ, ದ್ರಾಕ್ಮಾ ಎಂಬ ಒಂದು ಬೆಳ್ಳಿ ನಾಣ್ಯ. ಗುಲಾಮನ ಕೂಲಿ ಸೇರುತ್ತಿದ್ದುದು ಒಡೆಯನಿಗೆ. ಒಂದೇ ಕಂಬದ ಸುತ್ತ ಕೂತು ಉಳಿ ಹಿಡಿದ ಈ ಮೂವರಲ್ಲಿ ಪ್ನಿಕ್ಸ್ ಗುಡ್ಡದ ಜನಸಭೆಗೆ ಹತ್ತಿ ಹೋಗಿ ಕೈ ಎತ್ತಬಹುದಾಗಿದ್ದವನು ಒಬ್ಬನೇ. ಲಾರಿಯಂ ಬೆಳ್ಳಿ ಗಣಿಗಳ ಕತ್ತಲಲ್ಲಿ ಸವೆದ ಗುಲಾಮರಿಗಂತೂ ಹೆಸರನ್ನು ಕಲ್ಲಿನಲ್ಲಿ ಕಾಣುವ ಭಾಗ್ಯವೂ ಇರಲಿಲ್ಲ. ನಾಗರಿಕರ ಹೆಂಡತಿ, ಮಗಳು, ತಾಯಿ ಯಾರಿಗೂ ಮತವಿರಲಿಲ್ಲ. ಗ್ರೀಸಿನಲ್ಲಿ ಮಹಿಳೆಯರಿಗೆ ಸಂಸತ್ತಿನ ಮತದ ಹಕ್ಕು ಸಿಕ್ಕಿದ್ದು 1952ರಲ್ಲಿ; ಅಷ್ಟರಲ್ಲಿ ನಮ್ಮ ಮೊದಲ ಮಹಾಚುನಾವಣೆಯಲ್ಲಿ ಇಲ್ಲಿನ ಹೆಣ್ಣುಮಕ್ಕಳು ಮತ ಹಾಕಿ ಆಗಿತ್ತು. ಈ ವಿಷಯದಲ್ಲಿ ನಾವು ಅಥೆನ್ಸಿಗಿಂತ ಬಹಳ ಮುಂದೆ ಬಂದಿದ್ದೇವೆ ಎಂದು ಸಂಕೋಚವಿಲ್ಲದೆ ಹೇಳಬಹುದು.

ಹೊರಗಿನಿಂದ ಬಂದು ನೆಲೆಸಿದವರ ವಿಷಯದಲ್ಲಿ ಹಾಗೆ ಹೇಳಲು ನನಗೆ ಧೈರ್ಯ ಸಾಲದು. ಅಥೆನ್ಸಿನಲ್ಲಿ ಅವರು ವರ್ಷಕ್ಕೆ 12 ದ್ರಾಕ್ಮಾ ತಲೆಗಂದಾಯ ಕೊಡಬೇಕಿತ್ತು, ಯುದ್ಧ ಬಂದರೆ ಸೇನೆಗೆ ಸೇರಬೇಕಿತ್ತು, ನಾಗರಿಕನೊಬ್ಬನನ್ನು ಪೋಷಕನೆಂದು ಹೆಸರಿಸಬೇಕಿತ್ತು. ಆದರೆ ಎಷ್ಟು ತಲೆಮಾರು ಕಳೆದರೂ ಸಾಮಾನ್ಯವಾಗಿ ಅವರಿಗೆ ನಾಗರಿಕತ್ವವಿಲ್ಲ. ತಂದೆ ತಾಯಿ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ನಾಗರಿಕ ಎಂಬ ಕಾನೂನನ್ನು ಕ್ರಿ.ಪೂ. 451ರಲ್ಲಿ ತಂದವನು ಪೆರಿಕ್ಲೀಸನೇ. ಕರಾವಳಿಯಿಂದ ಗಲ್ಫ್ ದೇಶಗಳಿಗೆ ಹೋಗಿ, ಅಲ್ಲಿನ ಪ್ರಾಯೋಜಕನ ಹೆಸರಿನಲ್ಲಿ ಪರವಾನಗಿ ಪಡೆದು, ಆಯುಷ್ಯದ ಬಹುಪಾಲು ಅಲ್ಲಿಯೇ ದುಡಿದು, ಆ ಊರನ್ನು ಹೇಗೆ ನಡೆಸಬೇಕೆಂಬ ವಿಷಯದಲ್ಲಿ ಒಂದು ಮಾತೂ ಇಲ್ಲದೆ ಮರಳುವ ನಮ್ಮವರ ಕುಟುಂಬಗಳಿಗೆ ಈ ವರ್ಣನೆ ಹೊಸದೆನಿಸದು. ಬೆಂಗಳೂರಿನ ಕಟ್ಟಡಗಳನ್ನು ಎಬ್ಬಿಸುವ ಹೊರರಾಜ್ಯದ ಕಾರ್ಮಿಕರು ಕಾನೂನಿನ ಪ್ರಕಾರ ಪೂರ್ಣ ನಾಗರಿಕರೇ. ಆದರೂ ಅವರಲ್ಲಿ ಅನೇಕರ ಹೆಸರು ಸ್ವಂತ ಊರಿನ ಮತದಾರರ ಪಟ್ಟಿಯಲ್ಲೇ ಉಳಿದಿರುವುದರಿಂದ, ಅವರು ಬದುಕುವ ವಾರ್ಡಿನ ನೀರು, ಚರಂಡಿ, ಶಾಲೆಯ ಬಗ್ಗೆ ಅವರ ದನಿಗೆ ಬೆಲೆ ಕಡಿಮೆ.

ಲೆಕ್ಕ ಕೇಳುವ ಉತ್ಸಾಹ ಹದ್ದು ಮೀರಿದರೆ ಏನಾಗುತ್ತದೆ ಎಂಬುದನ್ನೂ ಅಥೆನ್ಸ್ ತೋರಿಸಿದೆ. ಕ್ರಿ.ಪೂ. 406ರಲ್ಲಿ ಅರ್ಗಿನೂಸೆ ದ್ವೀಪಗಳ ಬಳಿ ನೌಕಾಯುದ್ಧ ಗೆದ್ದ ಸೇನಾಪತಿಗಳು, ಬಿರುಗಾಳಿಯಲ್ಲಿ ಮುಳುಗುತ್ತಿದ್ದವರನ್ನು ರಕ್ಷಿಸಲಿಲ್ಲವೆಂಬ ಆರೋಪಕ್ಕೆ ಒಳಗಾದರು. ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕೆಂಬ ಕ್ರಮವನ್ನು ತಳ್ಳಿಹಾಕಿದ ಜನಸಭೆ ಎಲ್ಲರಿಗೂ ಒಂದೇ ಮತದಲ್ಲಿ ಮರಣದಂಡನೆ ವಿಧಿಸಿತು. ಊರಿಗೆ ಮರಳಿದ್ದ ಆರು ಮಂದಿ ಸತ್ತರು. ಅವರಲ್ಲೊಬ್ಬ ಪೆರಿಕ್ಲೀಸನ ಮಗ. ಅಂದಿನ ಸಭೆ ನಡೆಸುವವರಲ್ಲಿ ಒಬ್ಬನಾಗಿದ್ದ ಸಾಕ್ರಟೀಸ್ ಇದಕ್ಕೆ ಒಪ್ಪಲಿಲ್ಲ, ಆದರೂ ತಡೆಯಲಾಗಲಿಲ್ಲ. ಹೆಚ್ಚು ಕಾಲ ಕಳೆಯುವ ಮೊದಲೇ ಜನರಿಗೆ ಪಶ್ಚಾತ್ತಾಪವಾಯಿತು. ಇಂಥ ಪೆಟ್ಟುಗಳ ನಂತರ, ನಡುವೆ ಉರುಳಿದ್ದ ಪ್ರಜಾಪ್ರಭುತ್ವ ಕ್ರಿ.ಪೂ. 403ರಲ್ಲಿ ಮರುಸ್ಥಾಪನೆಯಾದಾಗ, ಸಭೆಯ ಯಾವ ನಿರ್ಣಯವೂ ಲಿಖಿತ ಕಾನೂನಿಗಿಂತ ಮೇಲಲ್ಲ ಎಂಬ ನಿಯಮ ಬಂತು. ಬಹುಮತಕ್ಕೂ ಮೀರಲಾಗದ ಗೆರೆಯೊಂದಿದೆ ಎಂಬ ಈ ತಿಳಿವಳಿಕೆಯನ್ನು ನಮ್ಮ ಸುಪ್ರೀಂ ಕೋರ್ಟ್ ತನ್ನದೇ ರೀತಿಯಲ್ಲಿ 1973ರಲ್ಲಿ ಹೇಳಿತು. ಆ ಮೊಕದ್ದಮೆ ಹೂಡಿದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಎಂಬುದು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

ಹಾಗಾದರೆ ಲೆಕ್ಕದ ಪರಂಪರೆ ಗ್ರೀಕರದು ಮಾತ್ರವೇ? ಅಲ್ಲ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳ ದೊರೆ ಒಂದನೇ ಪರಾಂತಕನ ಕಾಲದ, 10ನೇ ಶತಮಾನದ ಮೊದಲ ಭಾಗದ ಶಾಸನಗಳಿವೆ. ಊರಿನ ಸಮಿತಿಗಳಿಗೆ ಕೊಡದೊಳಗಿನ ಓಲೆಚೀಟಿಯನ್ನು ಬಾಲಕನ ಕೈಯಿಂದ ಎತ್ತಿಸಿ ಸದಸ್ಯರನ್ನು ಆರಿಸುವ ಕ್ರಮವನ್ನು ಅವು ವಿವರಿಸುತ್ತವೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಿಗೂ ಅವನ ಹತ್ತಿರದ ಬಂಧುಗಳಿಗೂ ಅವಕಾಶವಿಲ್ಲ ಎಂದು ಅವುಗಳಲ್ಲಿ ಸ್ಪಷ್ಟವಾಗಿ ಬರೆದಿದೆ. ಅದೂ ಭೂಮಿ ಇದ್ದ ಬ್ರಾಹ್ಮಣರ ಸಭೆಯಾಗಿತ್ತೇ ಹೊರತು ಊರಿನ ಎಲ್ಲರ ಸಭೆಯಲ್ಲ. ಪ್ರಶ್ನೆ ಕೇಳುವ ಹಕ್ಕು ಅಲ್ಲಿಯೂ ಕೆಲವರ ಸೊತ್ತು.

ಇಂದು ಆ ಹಕ್ಕು ಎಲ್ಲರದು. ಕರ್ನಾಟಕದ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ವರ್ಷಕ್ಕೊಮ್ಮೆ ಜಮಾಬಂದಿ ನಡೆಯಬೇಕು. ಹಿಂದಿನ ವರ್ಷದ ಜಮಾಖರ್ಚನ್ನು ಜನರ ಮುಂದೆ ಓದಿ, ಕಾಮಗಾರಿಗಳನ್ನು ಸ್ಥಳದಲ್ಲೇ ಪರಿಶೀಲಿಸಬೇಕು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಥೆನ್ಸಿನ ಆ ಮೂರು ದಿನಗಳ ವಿಚಾರಣೆಗೆ ನಮ್ಮಲ್ಲಿ ಇದಕ್ಕಿಂತ ಹತ್ತಿರದ ವ್ಯವಸ್ಥೆ ಇನ್ನೊಂದಿಲ್ಲ. ಅಲ್ಲಿ ಗಣಿಯ ಗುಲಾಮನಿಗೆ, ಕಲ್ಲು ಕೊರೆದ ವಲಸಿಗನಿಗೆ, ಯಾವ ಹೆಣ್ಣಿಗೂ ಇಲ್ಲದ ಅವಕಾಶ ಇಲ್ಲಿ ಕೂಲಿ ಮಾಡುವ ಹೆಣ್ಣುಮಗಳಿಗೂ ಇದೆ. ಹೀಗಿದ್ದೂ ಎಷ್ಟೋ ಕಡೆ ನಡಾವಳಿ ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಹಾಕಿಸಿಕೊಳ್ಳುವುದರಲ್ಲೇ ಸಭೆ ಮುಗಿಯುತ್ತದೆ ಎಂಬ ದೂರು ಹಳೆಯದು. ದಿನಾಂಕವೇ ತಿಳಿಯದ ಸಭೆಗೆ ಜನ ಬರಲಿಲ್ಲವೆಂದು ಜನರನ್ನೇ ದೂರುವುದು ನನಗೆ ತೀವ್ರ ನೋವಿನ ವಿಷಯ.

ಆದ್ದರಿಂದ ಸರ್ಕಾರಕ್ಕೆ ನನ್ನ ಒತ್ತಾಯವಿಷ್ಟು: ಜಮಾಬಂದಿಗೆ ಹದಿನೈದು ದಿನ ಮೊದಲೇ ಲೆಕ್ಕದ ಪ್ರತಿಯನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೂ ಅಂಗನವಾಡಿ, ನ್ಯಾಯಬೆಲೆ ಅಂಗಡಿಗಳಲ್ಲೂ ಅಂಟಿಸಬೇಕು. ಅಲ್ಲಿ ಎದ್ದ ಪ್ರಶ್ನೆಗಳಿಗೆ ಲಿಖಿತ ಉತ್ತರ ಕೊಡುವವರೆಗೆ ವರ್ಗಾವಣೆಗೊಂಡ ಅಧಿಕಾರಿಯನ್ನು ಕೆಲಸದಿಂದ ಬಿಡುಗಡೆ ಮಾಡಬಾರದು. ಅಲ್ಲಿಯವರೆಗೆ ಅವಧಿ ಮುಗಿಸಿದ ಅಧ್ಯಕ್ಷರಿಗೂ ಸದಸ್ಯರಿಗೂ ಬಾಕಿ ಇಲ್ಲವೆಂಬ ಪತ್ರ ನೀಡಬಾರದು. ತಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಜಮಾಬಂದಿ, ಗ್ರಾಮಸಭೆಗಳ ದಿನಾಂಕವನ್ನು ತಾಲ್ಲೂಕುವಾರು ಮುಂಚಿತವಾಗಿ ಪ್ರಕಟಿಸಿ, ಅಲ್ಲಿ ಕೇಳಿದ ಪ್ರಶ್ನೆಗಳನ್ನೂ ಬಂದ ಉತ್ತರಗಳನ್ನೂ ವರದಿ ಮಾಡಬೇಕೆಂದು ಕಳಕಳಿಯಿಂದ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕ, ಶಿವಮೊಗ್ಗ